‘ಣ’ ಅಕ್ಷರ ಬಂದ ಮಗು: ಶಿಡ್ಲಘಟ್ಟ ಸೀಮೆಯ ಒಂದು ನಾಮಕರಣ

ಮಗು ಹುಟ್ಟಿದ್ದು ಕಾರ್ತಿಕ ಬಹುಳದಲ್ಲಿ, ಹಸ್ತಾ ನಕ್ಷತ್ರದ ಮೂರನೇ ಪಾದದಲ್ಲಿ. ಪುರೋಹಿತರು ಪಂಚಾಂಗ ನೋಡಿ ಬರೆದುಕೊಟ್ಟ ಚೀಟಿಯಲ್ಲಿ ರಾಶಿ ಕನ್ಯಾ, ನಾಮಾಕ್ಷರ ‘ಣ’ ಎಂದಿತ್ತು. ಚೀಟಿ ಕೈಯಿಂದ ಕೈಗೆ ದಾಟಿತು. ಣ ಅಕ್ಷರದಿಂದ ಶುರುವಾಗುವ ಹೆಸರು ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಕ್ಕೆ ಇದ್ದರೆ ತಾನೆ? ಕನ್ನಡದಲ್ಲಿ ಯಾವ ಪದವೂ ಣ-ದಿಂದ ಶುರುವಾಗುವುದಿಲ್ಲ.

ಮನೆ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯದು. ತಂದೆ ರೇಷ್ಮೆ ಬೆಳೆಗಾರ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವರು, ಹಳಗನ್ನಡದ ರುಚಿ ಇನ್ನೂ ಬಿಟ್ಟಿಲ್ಲ. ತಾಯಿ ಬಾಗೇಪಲ್ಲಿ ಕಡೆಯವರು, ತವರಿನಲ್ಲಿ ತೆಲುಗು ಮಾತು, ಕೆಲಸ ಪ್ರಾಥಮಿಕ ಶಾಲೆಯಲ್ಲಿ. ತಂದೆಯ ತಾಯಿ ಜೊತೆಗಿದ್ದಾರೆ. ತಾತ ತೀರಿಕೊಂಡು ಕೆಲವು ವರ್ಷವಾಗಿದೆ. ಮನೆದೇವರು ಕದಿರಿ ನರಸಿಂಹ. ಮೊದಲ ಗಂಡು ಮೊಮ್ಮಗ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೆಸರಿಡುವಾಗ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನೆಲ್ಲ ಒಂದೇ ಮನೆಯ ಸುತ್ತ ಕೂಡಿಸಿಟ್ಟ ಪ್ರಕರಣ ಇದು. ಹಾಗಾಗಿ ಮನೆಯವರ ಗುರುತು ಇಲ್ಲಿಲ್ಲ.

ಗಂಡ ಹೆಂಡತಿಯ ಆಸೆ ಸಣ್ಣದೇ: ಶಾಲೆಯಲ್ಲಿ ಇನ್ನೊಬ್ಬನಿಗೆ ಇರಬಾರದು, ಅರ್ಥ ಇರಬೇಕು. ಅಜ್ಜಿಯ ಆಸೆ ಇನ್ನೂ ಸಣ್ಣದು. ಯಜಮಾನರ ಹೆಸರು ಮನೆಯಲ್ಲಿ ಉಳಿಯಬೇಕು. ಅವರ ಹೆಸರು ನರಸಿಂಹಪ್ಪ.

ಅಕ್ಷರದ ಲೆಕ್ಕ

ಮೊದಲು ನೋಡಬೇಕಾದ್ದು ಪಾದ ಸರಿಯಾಗಿದೆಯೇ ಎಂಬುದನ್ನು. ಒಂದು ನಕ್ಷತ್ರಕ್ಕೆ 13 ಡಿಗ್ರಿ 20 ಕಲೆ (ಒಂದು ಡಿಗ್ರಿಗೆ 60 ಕಲೆ), ಅದರ ಕಾಲುಭಾಗವಾದ ಪಾದಕ್ಕೆ 3 ಡಿಗ್ರಿ 20 ಕಲೆ. ಪಾದಕ್ಕೊಂದು ಅಕ್ಷರ. ಚಂದ್ರ ಒಂದೇ ವೇಗದಲ್ಲಿ ಓಡುವುದಿಲ್ಲವಾದ್ದರಿಂದ ಒಂದು ಪಾದ ಸುಮಾರು ಐದೂಕಾಲು ಗಂಟೆಯಿಂದ ಆರೂಮುಕ್ಕಾಲು ಗಂಟೆಯವರೆಗೆ ಇರುತ್ತದೆ. ಹೆರಿಗೆ ವಾರ್ಡಿನ ಗಡಿಯಾರ ಹತ್ತು ನಿಮಿಷ ಹಿಂದಿದ್ದರೂ ಪಾದ ಬದಲಾಗುವುದು ಅಪರೂಪ. ಆದರೆ ಜನನ ಸಮಯ ಎರಡು ಪಾದಗಳ ಸಂಧಿಯ ಹತ್ತಿರ ಬಿದ್ದರೆ ಎರಡು ಪಂಚಾಂಗ ಎರಡು ಅಕ್ಷರ ಹೇಳುವುದುಂಟು. ಹಳೆಯ ಸೂರ್ಯಸಿದ್ಧಾಂತದ ಗಣಿತಕ್ಕೂ, ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿದ ದೃಗ್ಗಣಿತಕ್ಕೂ ನಕ್ಷತ್ರಾಂತ್ಯದ ಸಮಯ ಒಂದೇ ಬರುವುದಿಲ್ಲ. ಈ ಮಗುವಿನ ವಿಷಯದಲ್ಲಿ ಆ ಗೊಂದಲ ಇರಲಿಲ್ಲ. ಪಾದ ಮುಗಿಯಲು ಇನ್ನೂ ಎರಡು ಗಂಟೆಯಿತ್ತು. ಣ ಎಂದರೆ ಣ-ವೇ.

27 ನಕ್ಷತ್ರ, ನಾಲ್ಕು ಪಾದ, ಒಟ್ಟು 108 ಅಕ್ಷರ. ಹಸ್ತಕ್ಕೆ ಪು, ಷ, ಣ, ಠ. ನಾಲ್ಕರಲ್ಲಿ ಸಲೀಸಾಗಿ ಹೆಸರು ಕೊಡುವುದು ಪು ಒಂದೇ. ಆರಿದ್ರದ ಮೂರನೇ ಪಾದದಲ್ಲಿ ಹುಟ್ಟಿದ ಮಗುವಿಗೆ ಙ ಬರುತ್ತದೆ. ಅದರ ಮುಂದೆ ಣ ವಾಸಿ. ಇಂಥ ಅಕ್ಷರ ಬಂದಾಗ ನಮ್ಮ ಕಡೆ ಮೂರು ದಾರಿ ಹಿಡಿಯುತ್ತಾರೆ. ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ತೆಗೆದುಕೊಳ್ಳುವುದು, ಅಂದರೆ ಪು. ಹತ್ತಿರದ ಉಚ್ಚಾರಣೆಗೆ ಹೋಗುವುದು, ಅಂದರೆ ಣ ಬದಲು ನ. ಇಲ್ಲವೇ ನಕ್ಷತ್ರನಾಮವನ್ನು ಶಾಸ್ತ್ರಕ್ಕೆಂದು ಬೇರೆಯೇ ಇಟ್ಟು, ಕರೆಯುವ ಹೆಸರನ್ನು ಅಕ್ಷರದ ಕಟ್ಟಿನಿಂದ ಬಿಡಿಸುವುದು. ಈ ಮೂರನೆಯದಕ್ಕೆ ಎಷ್ಟೋ ಮನೆಗಳು ಸುಮ್ಮನೆ ಹೆದರುತ್ತವೆ. ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ನಾಲ್ಕು ಹೆಸರು ಹೇಳುವ ಪದ್ಧತಿಯೇ ಇದೆ. ನಾಲ್ಕರ ಕೆಲಸವನ್ನೂ ಒಂದೇ ಹೆಸರಿನ ತಲೆಗೆ ಕಟ್ಟಿದಾಗ ಜಗಳ ಹುಟ್ಟುತ್ತದೆ.

ಮನೆಯ ಸಂಸ್ಕಾರಗಳ ವಿಧಿ ಹೇಳುವ ಪ್ರಾಚೀನ ಗ್ರಂಥ ಆಶ್ವಲಾಯನ ಗೃಹ್ಯಸೂತ್ರ ಹೆಸರಿನ ಲಕ್ಷಣ ಹೇಳುವಾಗ ಪಾದಾಕ್ಷರದ ಪ್ರಸ್ತಾಪವನ್ನೇ ತರುವುದಿಲ್ಲ. ಮೊದಲ ಅಕ್ಷರ ಘೋಷವಾಗಿರಲಿ (ಗ, ಜ, ದ, ಬ ಮತ್ತು ಅನುನಾಸಿಕಗಳು ಇದರಲ್ಲಿ ಬರುತ್ತವೆ), ಒಳಗೆ ಯ ರ ಲ ವ ಇವುಗಳಲ್ಲೊಂದು ಇರಲಿ, ಕೊನೆಗೆ ವಿಸರ್ಗ ಬರಲಿ, ಎರಡು ಅಥವಾ ನಾಲ್ಕು ಅಕ್ಷರವಿರಲಿ, ಗಂಡಿಗೆ ಸಮಸಂಖ್ಯೆ, ಹೆಣ್ಣಿಗೆ ಬೆಸಸಂಖ್ಯೆ. ಇಷ್ಟೇ. ಬಾಯಲ್ಲಿ ಹೊರಳುವ ಹೆಸರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇವತ್ತಿನ ಯಾವ ಮೊಬೈಲ್ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಈ ಮನೆ ಪು ಮತ್ತು ನ ಎರಡಕ್ಕೂ ಪಟ್ಟಿ ಮಾಡಿತು. ಜೊತೆಗೆ ಷಣ್ಮುಖ. ಅದು ಬೇಗ ಬಿದ್ದುಹೋಯಿತು: ಊರಲ್ಲಿ ಆಗಲೇ ಇದೆ, ಬರೆಯುವಾಗ ಅರ್ಧ ಜನ ‘ಶಣ್ಮುಖ’ ಎನ್ನುತ್ತಾರೆ.

ಪು-ವಿನ ಪಟ್ಟಿ

ಪುನೀತ ಮೊದಲ ಸಾಲಿನಲ್ಲೇ ಹೋಯಿತು. ಹೆಸರಿನಲ್ಲಿ ತಪ್ಪೇನಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಹುಟ್ಟಿದ ಮಕ್ಕಳಲ್ಲಿ ಆ ಹೆಸರಿನವರು ಊರ ಅಂಗನವಾಡಿಯಲ್ಲೇ ಇಬ್ಬರಿದ್ದರು. ಇನ್ನೊಬ್ಬ ಸೇರಿದರೆ ಟೀಚರ್ ಮೂವರಿಗೂ ಇನಿಷಿಯಲ್ ಹಚ್ಚಿ ಕರೆಯಬೇಕು.

ಪುರು ತಂದೆಗೆ ತುಂಬ ಹಿಡಿಸಿತ್ತು. ಯಯಾತಿಯ ಮುಪ್ಪನ್ನು ತಾನು ಹೊತ್ತ ಕಿರಿಯ ಮಗ, ಎರಡೇ ಅಕ್ಷರ, ಬರೆಯಲು ಸುಲಭ. ಫೋನಿನಲ್ಲಿ ಕೇಳಿಸಿಕೊಂಡ ಬಾಗೇಪಲ್ಲಿಯ ಸೋದರಮಾವ ನಕ್ಕುಬಿಟ್ಟರು. ತೆಲುಗಿನಲ್ಲಿ ‘ಪುರುಗು’ ಎಂದರೆ ಹುಳ. ರೇಷ್ಮೆಹುಳ ‘ಪಟ್ಟು ಪುರುಗು’. ದಿನಕ್ಕೆ ಹಲವು ಸಲ ಹುಳಕ್ಕೆ ಸೊಪ್ಪು ಹಾಕುವ ಮನೆಯಲ್ಲಿ, ಅರ್ಧ ನೆಂಟರು ತೆಲುಗಿನವರಾಗಿರುವಾಗ, ಪುರು ಎಂದಿಟ್ಟರೆ ಮೂರನೇ ದಿನಕ್ಕೆ ಅವನು ಪುರುಗು. ಗೌರವದಿಂದ ‘ಗಾರು’ ಹಚ್ಚಿದರೂ ಕಿವಿಗೆ ಅದೇ ಬೀಳುತ್ತದೆ. ತುಮಕೂರಿನಲ್ಲಾಗಿದ್ದರೆ ಈ ಹೆಸರು ನಿಲ್ಲುತ್ತಿತ್ತೇನೋ. ಗಡಿ ತಾಲ್ಲೂಕುಗಳಾದ ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲಿನಲ್ಲಿ ಪ್ರತಿ ಹೆಸರನ್ನೂ ಎರಡು ಭಾಷೆಯ ಬಾಯಲ್ಲಿ ಆಡಿಸಿ ನೋಡಲೇಬೇಕು. ಕನ್ನಡದ ನಲ್ಲ ತೆಲುಗಿನಲ್ಲಿ ಕರಿ. ನೆಲ ಅಲ್ಲಿ ತಿಂಗಳು.

ಪುಂಡರೀಕದ ಅರ್ಥ ಬಿಳಿ ತಾವರೆ. ನಾಲ್ಕು ಅಕ್ಷರ, ಒಳಗೆ ರ, ಪಂಢರಪುರದ ಭಕ್ತನ ನೆನಪು. ಎಲ್ಲ ಸರಿ, ಆದರೆ ಕರೆಯುವುದು ಮೊದಲೆರಡು ಅಕ್ಷರದಲ್ಲಿ. ‘ಪುಂಡ ಬಂದ, ಪುಂಡ ಹೋದ.’ ಮುಗಿಯಿತು.

ಪುಷ್ಕರ ಸ್ವಲ್ಪ ದಿನ ನಿಂತಿತ್ತು. ತಾವರೆ, ಕೊಳ ಎಂಬ ಅರ್ಥ. ತೆಲುಗಿನವರಿಗೆ ಹನ್ನೆರಡು ವರ್ಷಕ್ಕೊಮ್ಮೆ ಬರುವ ನದಿ ಪುಷ್ಕರಗಳಿಂದ ಪರಿಚಿತ. ಅದಕ್ಕೆ ಅಡ್ಡ ಬಂದದ್ದು ಕತೆ. ನಳನನ್ನು ಪಗಡೆಯಲ್ಲಿ ಸೋಲಿಸಿ ಕಾಡಿಗೆ ಅಟ್ಟಿದ ತಮ್ಮನ ಹೆಸರೂ ಪುಷ್ಕರ. ಕತೆ ಗೊತ್ತಿಲ್ಲದವರಿಗೆ ಇದು ಅಡ್ಡಿಯೇ ಅಲ್ಲ. ಇಲ್ಲಿ ಅಜ್ಜಿಗೆ ನಳಚರಿತ್ರೆ ಬಾಯಿಪಾಠ.

ಪುಳಕಕ್ಕೆ ತಾಯಿಯ ಓಟು. ಕಾಗದದ ಮೇಲೆ ಅದು ಪೆಟ್ಟು ತಿಂದಿತು. ಇಂಗ್ಲಿಷಿನಲ್ಲಿ ಳ ಇಲ್ಲ. ಹೊರಗಿನವರ ಬಾಯಲ್ಲಿ ಪುಲಕ್. ಒಳಗಿನವರ ಬಾಯಲ್ಲಿ ಇನ್ನೂ ಕಷ್ಟ. ಹೈಸ್ಕೂಲಿನ ಹುಡುಗರು ‘ಪುಳ್ಚಾರ್’ ಎನ್ನದೆ ಬಿಡುವುದಿಲ್ಲ. ಇದನ್ನು ಹೇಳಿದ್ದು ತಾಯಿಯೇ, ತರಗತಿಯಲ್ಲಿ ನಿಂತು ಕೇಳಿದವರು ಅವರು.

ಪುರಂದರ ಕೊನೆಯವರೆಗೂ ಇತ್ತು. ನಾಲ್ಕು ಅಕ್ಷರ, ಎಲ್ಲರಿಗೂ ಗೊತ್ತು, ಈಗಿನ ಮಕ್ಕಳಿಗೆ ಯಾರೂ ಇಡುತ್ತಿಲ್ಲ. ಹಿಂದೆ ಹಾಕಿದ್ದು ಮತ್ತೆ ಅದೇ ಮೊಟಕು: ಪುರು.

ನ-ದ ಪಟ್ಟಿ

ಇದರಲ್ಲಿ ಮೊಬೈಲಿನಿಂದ ಇಳಿಸಿಕೊಂಡ ಹೆಸರುಗಳೇ ಅರ್ಧ. ಇವುಗಳ ವಿಷಯದಲ್ಲಿ ಒಂದೇ ಮಾತು. ಆ್ಯಪ್ ಹೇಳುವ ಅರ್ಥವನ್ನು ನಿಘಂಟಿನಲ್ಲಿ ಕಾಣದೆ ನಂಬಬಾರದು. ಈಚೆಗೆ ಎಲ್ಲೆಲ್ಲೂ ಓಡಾಡುತ್ತಿರುವ ‘ರೇಯಾಂಶ್’ ತೆಗೆದುಕೊಳ್ಳಿ. ಸೂರ್ಯನ ಅಂಶ ಎನ್ನುತ್ತಾರೆ. ರವಿ ಮತ್ತು ಅಂಶ ಸೇರಿದರೆ ಯಣ್ ಸಂಧಿಯಾಗಿ ರವ್ಯಂಶ ಆಗುತ್ತದೆ. ರೇಯಾಂಶ ಆಗುವ ದಾರಿ ವ್ಯಾಕರಣದಲ್ಲಿಲ್ಲ. ಕೇಳಲು ಹಿತವಾಗಿದೆ ಎಂದು ಇಟ್ಟುಕೊಂಡರೆ ಯಾರದೂ ಆಕ್ಷೇಪವಿಲ್ಲ, ಅರ್ಥ ಮಾತ್ರ ಹೇಳಬಾರದು. ಪರೀಕ್ಷೆ ಕಷ್ಟವೇನಲ್ಲ. ಕನ್ನಡ ಪದವಾದರೆ 1894ರ ಕಿಟ್ಟೆಲ್ ನಿಘಂಟು ಅಥವಾ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟ, ಸಂಸ್ಕೃತವಾದರೆ ಮೋನಿಯರ್ ವಿಲಿಯಮ್ಸ್. ಕಿಟ್ಟೆಲ್, ಮೋನಿಯರ್ ವಿಲಿಯಮ್ಸ್ ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಪದ ಅಲ್ಲಿಲ್ಲದಿದ್ದರೆ, ಎರಡಾಗಿ ಒಡೆದರೂ ಸಿಗದಿದ್ದರೆ, ಯಾರೋ ಕೂತು ಕಟ್ಟಿದ ಹೆಸರು ಎಂದೇ ಲೆಕ್ಕ.

ನಿಘಂಟಿನ ಅರ್ಥವೊಂದೇ ಸಾಲದು ಎನ್ನುವುದಕ್ಕೆ ನಹುಷ ಇದೆ. ಪುರಾತನ ರಾಜ, ಇಂದ್ರಪದವಿಗೇರಿದವನು ಎಂದು ಪಟ್ಟಿಗಳಲ್ಲಿ ಬರುತ್ತದೆ. ಮದವೇರಿ ಅಗಸ್ತ್ಯರ ಶಾಪದಿಂದ ಹಾವಾಗಿ ಬಿದ್ದ ಭಾಗ ಮಾತ್ರ ಬರುವುದಿಲ್ಲ. ನಚಿಕೇತ ಇದಕ್ಕೆ ವಿರುದ್ಧದ ಉದಾಹರಣೆ. ಹುಡುಗ ಚಿನ್ನದಂಥವನು, ಕತೆಯೂ ದೊಡ್ಡದು, ಆದರೆ ಅದರಲ್ಲಿ ಅಪ್ಪನೇ ಮಗನನ್ನು ಯಮನಿಗೆ ಕೊಟ್ಟೆ ಎನ್ನುತ್ತಾನೆ. ನಾವಾಗಿದ್ದರೆ ಇಡುತ್ತಿದ್ದೆವು. ಬಾಣಂತಿ ಮನೆಯಲ್ಲಿ ಕೂತು ಅಜ್ಜಿಯೊಡನೆ ಈ ವಾದ ಗೆಲ್ಲಲಾಗುವುದಿಲ್ಲ.

ತಂದೆ ಊರ ಇತಿಹಾಸಕ್ಕೆ ಕೈಹಾಕಿದರು. ಒಳ್ಳೆಯ ಯೋಚನೆಯೇ. ಕೋಲಾರದ ಹಳೆಯ ಹೆಸರು ಕುವಲಾಲಪುರ, ನಂದಿಬೆಟ್ಟ ನಂದಗಿರಿ. ತಲಕಾಡಿಗೆ ಹೋದ ಮೇಲೂ ಗಂಗರು ‘ಕುವಲಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳನ್ನು ಶಾಸನಗಳಲ್ಲಿ ಬಿಡಲಿಲ್ಲ. ಈ ಮನೆಯಿಂದ ಅರ್ಧ ದಿನದ ದಾರಿಯೊಳಗಿನ ರಾಜವಂಶ. ಹೆಸರುಗಳನ್ನು ನೋಡಿದರೆ ಮಾತ್ರ ಗಾಬರಿ. ಅವಿನೀತ, ಅವನ ಮಗ ದುರ್ವಿನೀತ. ದುರ್ವಿನೀತ ದೊಡ್ಡ ದೊರೆ, ಕವಿರಾಜಮಾರ್ಗ ಹೆಸರಿಸುವ ಗದ್ಯಕಾರರ ಸಾಲಿನಲ್ಲೂ ಆ ಹೆಸರಿದೆ. ಆದರೂ ಪದದ ಅರ್ಥ ಕೆಟ್ಟ ನಡತೆಯವನು. ಅವಿನೀತ ಎಂದರೆ ವಿನಯವಿಲ್ಲದವನು. ಈಗಿನ ‘ಅವನೀತ್’ ಥರ ಕೇಳಿಸುವುದರಿಂದ ಇದನ್ನು ಇಟ್ಟುಬಿಡುವ ಅಪಾಯ ಹೆಚ್ಚು. ಎರೆಗಂಗನಿಗೆ ಎರೆಹುಳ ಅಂಟುತ್ತದೆ, ಬೂತುಗನಿಗೆ ಭೂತ. ಬೂತುಗನ ಬಿರುದು ‘ನನ್ನಿಯ ಗಂಗ’ದಿಂದ ನನ್ನಿ ತೆಗೆದರೆ ಸತ್ಯ ಎಂಬ ಅರ್ಥದ ಚೆಂದದ ಹಳಗನ್ನಡ ಪದ. ಇಂಗ್ಲಿಷಿನಲ್ಲಿ ಬರೆದ ಕೂಡಲೇ ಮಗು ನೋಡಿಕೊಳ್ಳುವ ಆಯಾ ಆಗುತ್ತದೆ, ಹಿಂದಿಯವರಿಗೆ ಪುಟ್ಟ ಹುಡುಗಿ. ನನ್ನಿದೇವ ಎಂದು ಉದ್ದ ಮಾಡಿದರೂ ಕರೆಯುವುದು ನನ್ನಿ ಎಂದೇ.

ಅಪರೂಪ ಎನ್ನುವುದನ್ನೂ ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಯಾರೂ ಕೇಳಿರದ ಹೆಸರು ಒಂದು ಬಗೆ. ಅದನ್ನು ಹುಡುಗ ಜೀವನವಿಡೀ ಬಿಡಿಸಿ ಹೇಳುತ್ತಲೇ ಇರಬೇಕು. ಎಲ್ಲರೂ ಕೇಳಿರುವ, ಯಾರೂ ಇಡದ ಹೆಸರು ಇನ್ನೊಂದು ಬಗೆ. ಮೂರನೆಯದು ಅಜ್ಜಂದಿರಲ್ಲಿ ತುಂಬಿದ್ದು ಮೊಮ್ಮಕ್ಕಳಲ್ಲಿ ಬತ್ತಿಹೋದದ್ದು. ನಮ್ಮ ಸೀಮೆಯ ಮುನಿಯಪ್ಪ, ಮುನಿಶಾಮಪ್ಪ, ಪಿಳ್ಳಪ್ಪ, ದ್ಯಾವಪ್ಪ, ವಿದುರಾಶ್ವತ್ಥದ ಹರಕೆಯಿಂದ ಬಂದ ಅಶ್ವತ್ಥಪ್ಪ, ಅಶ್ವತ್ಥನಾರಾಯಣ ಎಲ್ಲ ಈ ಸಾಲಿನವು. ಒಂದನೇ ತರಗತಿಯ ಹಾಜರಿ ಪುಸ್ತಕದಲ್ಲಿ ಇವತ್ತು ಅಶ್ವತ್ಥ ಎಂಬ ಹೆಸರಿದ್ದರೆ ಅದಕ್ಕಿಂತ ಅಪರೂಪದ್ದು ಇನ್ನಿಲ್ಲ. ಮಣ್ಣಿನ ವಾಸನೆ ಬೇಕು ಎನ್ನುವವರೂ ಈ ಮೂರನೇ ಬಗೆಯ ಕಡೆ ತಿರುಗಿ ನೋಡದಿರುವುದು ಸೋಜಿಗ. ಅಪರೂಪವನ್ನು ಅಳೆಯಲು ಮತದಾರರ ಪಟ್ಟಿ ಸಾಲದು, ಅದರಲ್ಲಿ ಹದಿನೆಂಟು ದಾಟಿದವರಷ್ಟೇ ಇರುತ್ತಾರೆ. ಅಂಗನವಾಡಿ ದಾಖಲೆ, ಒಂದನೇ ತರಗತಿಯ ಹಾಜರಿ, ಎರಡು ಪಕ್ಕದೂರುಗಳದು ಸೇರಿಸಿ ನೋಡಿದರೆ ಚಿತ್ರ ಸಿಗುತ್ತದೆ. ತಾಯಿ ಶಿಕ್ಷಕಿಯಾದ್ದರಿಂದ ಇಲ್ಲಿ ಆ ಕೆಲಸ ಸುಲಭವಾಯಿತು.

ನಯಸೇನ

ತಂದೆಯ ಪಟ್ಟಿಯ ಕೊನೆಗಿದ್ದ ಹೆಸರು ಇದು. ನಯಸೇನ ಗದಗ ಸೀಮೆಯ ಮುಳುಗುಂದದ ಜೈನ ಕವಿ, 1112ರಲ್ಲಿ ಧರ್ಮಾಮೃತ ಬರೆದವನು. ಕನ್ನಡದಲ್ಲಿ ಬೇಕಿಲ್ಲದ ಕಡೆ ಸಂಸ್ಕೃತ ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಎಂದು ಕನ್ನಡ ಓದಿದ ಎಲ್ಲರೂ ಕೇಳಿರುವ ಮಾತು ಅವನದೇ. ಹೀಗಂದವನ ಹೆಸರು ಪೂರ್ತಿ ಸಂಸ್ಕೃತ ಎಂಬುದು ಬೇರೆ ಮಾತು. ನಯ ಎಂದರೆ ಒಳ್ಳೆಯ ನಡೆ, ವಿವೇಕ, ನೀತಿ. ಕನ್ನಡದ ಬಳಕೆಯಲ್ಲಿ ಮೃದು, ನುಣುಪು. ನಯವೇ ಸೇನೆಯಾಗಿ ಉಳ್ಳವನು ನಯಸೇನ.

ಗೃಹ್ಯಸೂತ್ರದ ಅಳತೆಗೆ ಹಿಡಿದರೆ ನ ಘೋಷ, ಒಳಗೆ ಯ, ನಾಲ್ಕು ಅಕ್ಷರ, ಸಂಸ್ಕೃತದಲ್ಲಿ ನಯಸೇನಃ ಎಂದು ವಿಸರ್ಗಾಂತ. ನಾಲ್ಕೂ ಕೂಡಿಬರುತ್ತವೆ. ಪುರೋಹಿತರ ಚೀಟಿಯ ಣ-ಕ್ಕೆ ಉತ್ತರ ಸಿಕ್ಕಿದ್ದು ಚಿಂತಾಮಣಿಯ ಒಬ್ಬ ನಿವೃತ್ತ ಸಂಸ್ಕೃತ ಮೇಷ್ಟರಿಂದ. ಸಂಸ್ಕೃತದ ಕ್ರಿಯಾಮೂಲಗಳ ಪಟ್ಟಿಯಾದ ಧಾತುಪಾಠದಲ್ಲಿ ‘ಒಯ್ಯು, ನಡೆಸು’ ಎಂಬ ಅರ್ಥದ ಧಾತುವನ್ನು ಹೇಳಿರುವುದೇ ‘ಣೀಞ್’ ಎಂದು, ಣ-ದಿಂದ. ಧಾತುವಿನ ಮೊದಲಿಗೆ ಬರುವ ಣ ಪ್ರಯೋಗದಲ್ಲಿ ನ ಆಗುತ್ತದೆ ಎಂದು ಪಾಣಿನಿಯ ಸೂತ್ರವೇ ಇದೆ: ‘ಣೋ ನಃ’, ಆರನೇ ಅಧ್ಯಾಯ, ಮೊದಲ ಪಾದ, 65ನೆಯದು. ನಾಯಕ, ನೀತಿ, ವಿನಯ, ನಯ ಎಲ್ಲ ಆ ಧಾತುವಿನ ಮಕ್ಕಳು. ಅಂದರೆ ನಯಸೇನದ ನ ಹುಟ್ಟಿನಿಂದ ಣ. ಣ ಬದಲು ನ ಎಂದು ಪುರೋಹಿತರು ರೂಢಿಯಿಂದ ಹೇಳುವ ಮಾತಿಗೆ ಇಷ್ಟು ಗಟ್ಟಿಯಾದ ಆಧಾರ ಸಿಗುವುದು ಎಲ್ಲ ಹೆಸರಿಗೂ ಅಲ್ಲ. ನಮನ, ನಾದ ಇದೇ ಗುಂಪಿಗೆ ಸೇರುತ್ತವೆ. ನಂದ, ನರ, ನೃತ್ಯ ಸೇರುವುದಿಲ್ಲ. ಆ ಧಾತುಗಳು ಮೊದಲಿನಿಂದಲೂ ನ-ಕಾರದವು ಎಂದು ವೈಯಾಕರಣರು ಪಟ್ಟಿ ಮಾಡಿಟ್ಟಿದ್ದಾರೆ. ಹಾಗೆ ನೋಡಿದರೆ ಅಜ್ಜಿಯ ನರಸಿಂಹಕ್ಕೆ ಣ ಸಲ್ಲುವುದಿಲ್ಲ. ಇದನ್ನು ಅಜ್ಜಿಗೆ ಹೇಳಬಾರದು ಎಂದು ಮೇಷ್ಟರೇ ಸೂಚಿಸಿದರು. ಣ-ದಿಂದ ಮಾತು ಶುರುವಾಗುವುದನ್ನು ಕಿವಿಯಾರೆ ಕೇಳಬೇಕೆಂದರೆ ಜೈನರ ‘ಣಮೋ ಅರಿಹಂತಾಣಂ’ ಇದೆ. ಪ್ರಾಕೃತದಲ್ಲಿ ಅದು ಸಲೀಸು.

ಹೆಸರಿಗೆ ಕೊರತೆ ಇಲ್ಲವೆಂದಲ್ಲ. ಕೊರತೆಯನ್ನೆಲ್ಲ ಮೊದಲೇ ಮಾತಾಡಿ ಮುಗಿಸಿದ್ದು ಈ ಮನೆಯ ಜಾಣತನ. ‘ನಯವಂಚಕ’ ಎಂಬ ಪದವಿದೆ. ‘ನಯಾಪೈಸೆ’ ಇದೆ, ಶಾಲೆಯಲ್ಲಿ ಅದೇ ಮೊದಲು ಬರುವುದು. ಹಿಂದಿ ಬಲ್ಲವರಿಗೆ ನಯಾ ಸೇನಾ, ಹೊಸ ಪಡೆ ಎಂದು ಕೇಳಿಸಬಹುದು. ಎಲ್ಲಕ್ಕಿಂತ ದೊಡ್ಡದು ನಯನದ ಗೊಂದಲ: ಓದುವವರ ಕಣ್ಣು ಅರ್ಧದಲ್ಲೇ ನಯನ ಎಂದು ಮುಗಿಸಿಬಿಡುತ್ತದೆ, ಹೆಣ್ಣು ಮಗು ಎಂದುಕೊಳ್ಳುತ್ತದೆ. ತೆಲುಗಿನಲ್ಲಿ ಪರೀಕ್ಷೆ ಮಾಡಿದಾಗ ಮಾತ್ರ ಲಾಭವೇ ಆಯಿತು. ಅಲ್ಲಿ ‘ನಯಂ’ ಎಂದರೆ ವಾಸಿ. ಜ್ವರ ನಯಮೈಂದಿ ಎನ್ನುತ್ತಾರೆ.

ಮೂವರಿಗೆ ಫೋನ್ ಮಾಡಿ ಹೆಸರನ್ನು ಒಂದೇ ಸಲ ಹೇಳಿ, ಎರಡೂ ಲಿಪಿಯಲ್ಲಿ ಬರೆದು ವಾಟ್ಸಾಪ್ ಮಾಡಲು ಕೇಳಿದರು. ಕನ್ನಡದಲ್ಲಿ ಇಬ್ಬರದು ಸರಿ, ಒಬ್ಬರದು ‘ನಾಯಸೇನ’. ಇಂಗ್ಲಿಷಿನಲ್ಲಿ ಒಬ್ಬರು ಕೊನೆಯ ‘ಎ’ ಬಿಟ್ಟಿದ್ದರು. ಈ ಕೊನೆಯ ‘ಎ’ಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದು ಇಲ್ಲದಿದ್ದರೆ ಯಂತ್ರವೂ ಮನುಷ್ಯರೂ ‘ನಯಸೇನ್’ ಎಂದು ಕನ್ನಡಕ್ಕೆ ತರುತ್ತಾರೆ, ಹತ್ತು ವರ್ಷದಲ್ಲಿ ಕನ್ನಡದ ಹೆಸರೇ ಬದಲಾಗಿರುತ್ತದೆ. ಇಟ್ಟುಕೊಂಡರೆ ಹೆಣ್ಣಿನ ಹೆಸರೆಂಬ ಗುಮಾನಿ ಸ್ವಲ್ಪ ಜಾಸ್ತಿ. ಇಟ್ಟುಕೊಳ್ಳುವುದೆಂದೇ ತೀರ್ಮಾನವಾಯಿತು. ನೆಂಟರೊಬ್ಬರು ಸಂಖ್ಯಾಶಾಸ್ತ್ರದ ಲೆಕ್ಕ ಹಾಕಿ ನಡುವೆ ಇನ್ನೊಂದು ‘ಎ’ ಸೇರಿಸಿ ಎಂದರು. ಅದನ್ನು ಬಿಟ್ಟದ್ದು ಒಳ್ಳೆಯದೇ. ಕಿವಿಗೆ ಕೇಳದ ಅಕ್ಷರವನ್ನು ಯಾವ ಗುಮಾಸ್ತರೂ ನೆನಪಿಟ್ಟು ಬರೆಯುವುದಿಲ್ಲ. ಒಂದು ದಾಖಲೆಯಲ್ಲಿ ಎರಡು ‘ಎ’, ಇನ್ನೊಂದರಲ್ಲಿ ಒಂದು ಆಗಿ, ಕೊನೆಗೆ ಅಫಿಡವಿಟ್ ಮಾಡಿಸುತ್ತ ಕೂರಬೇಕಾಗುತ್ತದೆ.

ಅಜ್ಜಿಯ ಮಾತು

‘ಎಲ್ಲಾ ಸರಿ, ನಿಮ್ಮ ಮಾವನ ಹೆಸ್ರು ಎಲ್ಲೋಯ್ತಮ್ಮ?’ ಎಂದು ಅಜ್ಜಿ ಸೊಸೆಯನ್ನೇ ಕೇಳಿದರು, ಮಗನನ್ನಲ್ಲ. ಸೊಸೆ ಕೊಟ್ಟ ಉತ್ತರ ಚೆನ್ನಾಗಿತ್ತು: ‘ಅತ್ತೆ, ಆ ಹೆಸ್ರಿಟ್ರೆ ನೀವು ಅವ್ನನ್ನ ಏನಂತ ಕರೀತೀರ? ತಪ್ಪು ಮಾಡ್ದಾಗ ನಾನು ಮಾವನ ಹೆಸ್ರಿಡ್ದು ಬಯ್ಯಕ್ಕಾಗುತ್ತಾ?’

ಗಂಡನ ಹೆಸರು ಬಾಯಲ್ಲಿ ಹೇಳದ ತಲೆಮಾರು ಅಜ್ಜಿಯದು. ತಾತನ ಹೆಸರನ್ನು ಹಾಗೇ ಮೊಮ್ಮಗನಿಗೆ ಇಟ್ಟ ಮನೆಗಳನ್ನು ಗಮನಿಸಿ. ಅಜ್ಜಿ ಅವನನ್ನು ‘ದೊರೆ’, ‘ಸ್ವಾಮಿ’ ಎನ್ನುತ್ತಾರೆ, ತಾಯಿ ‘ಚಿನ್ನು’ ಎನ್ನುತ್ತಾಳೆ, ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯುತ್ತದೆ. ಅಜ್ಜಿ ಇದನ್ನು ಒಪ್ಪಿದರೂ ಹಕ್ಕು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ನಾಲ್ಕು ಹೆಸರಿನ ಪದ್ಧತಿ ಇಂಥ ಹೊತ್ತಿಗೆಂದೇ ಇರುವುದು. ಮನೆದೇವರು ಕದಿರಿ ನರಸಿಂಹನೇ ಆದ್ದರಿಂದ ದೇವತಾನಾಮ ನರಸಿಂಹ. ಕಾರ್ತಿಕದಲ್ಲಿ ಹುಟ್ಟಿದ್ದರಿಂದ ಮಾಸನಾಮ ದಾಮೋದರ. ನಕ್ಷತ್ರದ ಅಧಿದೇವತೆಯಿಂದ ಹೆಸರು ತೆಗೆಯುವವರೂ ಇದ್ದಾರೆ, ಹಸ್ತಕ್ಕೆ ಸವಿತೃ. ಅದನ್ನು ಕರೆಯುವ ಹೆಸರಾಗಿ ಇಟ್ಟರೆ ಇಡೀ ಜಿಲ್ಲೆ ಸವಿತಾ ಎಂದುಕೊಳ್ಳುತ್ತದೆ. ಕಿವಿಯಲ್ಲಿ ಹೇಳುವುದಕ್ಕೆ ಅಡ್ಡಿಯಿಲ್ಲ. ವ್ಯವಹಾರನಾಮ ನಯಸೇನ.

ಶಾಸ್ತ್ರವನ್ನು ಹನ್ನೊಂದನೇ ದಿನ ಮಾಡದೆ ಮೂರನೇ ತಿಂಗಳಿಗೆ ಇಟ್ಟುಕೊಂಡರು. ಪುರುಡು ಕಳೆದ ಹೊತ್ತಿಗೆ ಮನೆಯಲ್ಲಿ ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದಿತ್ತು. ಆ ಕೊನೆಯ ಹಂತದಲ್ಲಿ ಹುಳ ತಿನ್ನುವ ಸೊಪ್ಪು ಅದುವರೆಗಿನದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ, ನೆಂಟರನ್ನು ಕರೆದು ಕೂರಿಸುವ ಮಾತೇ ಇಲ್ಲ. ಮುಂದಿನ ಬೆಳೆಯ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದ ಮೇಲೆ ತೊಟ್ಟಿಲು ಕಟ್ಟಿದರು. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ತಂದೆ ಬರೆದದ್ದು ನಾಲ್ಕೂ ಹೆಸರು, ಮೇಲಿನ ಸಾಲಿಗೆ ನರಸಿಂಹ. ಸೋದರತ್ತೆ ಕಿವಿಯಲ್ಲಿ ಮೂರು ಮೂರು ಸಲ ಹೇಳಿದರು. ತಡವಾದದ್ದರಿಂದ ಒಂದು ಉಪಕಾರವಾಯಿತು. ಎರಡು ತಿಂಗಳು ಮನೆಯೊಳಗೆ ನಯಸೇನ ಎಂದು ಕರೆದು ನೋಡಲು ಸಮಯ ಸಿಕ್ಕಿತು. ಪಕ್ಕದ ಮನೆಯ ಹುಡುಗಿ ತಾನಾಗಿಯೇ ‘ನಯಣ್ಣ’ ಎನ್ನತೊಡಗಿದಾಗ ಮೊಟಕು ಯಾವುದಾಗುತ್ತದೆ ಎಂಬ ಚಿಂತೆಯೂ ತೀರಿತು.

ಕಾಗದ

ಹೆರಿಗೆಯಾದ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಸಿಬ್ಬಂದಿ ಕೇಳುವ ಪ್ರಶ್ನೆ: ಹೆಸರು ಏನು ಬರೀಲಿ? ಈ ಗಡಿಬಿಡಿಯಲ್ಲಿ ‘ಸದ್ಯಕ್ಕೆ’ ಎಂದು ಕೊಟ್ಟ ಹೆಸರುಗಳೇ ಮುಂದೆ ಕಾಡುವುದು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ. ಹೆಸರನ್ನೂ ಆಗಲೇ ಕೊಡಬೇಕೆಂದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಂ ಹೆಸರಿಲ್ಲದೆ ನೋಂದಾಯಿಸಿ ಆಮೇಲೆ ಸೇರಿಸಲು ಅವಕಾಶ ಕೊಟ್ಟಿದೆ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಸೇರಿಸಿದರೆ ಶುಲ್ಕವಿಲ್ಲ. ಅದು ದಾಟಿದರೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಈ ಮನೆಯವರು ಹೆಸರಿನ ಜಾಗ ಖಾಲಿ ಬಿಟ್ಟು ನೋಂದಾಯಿಸಿ, ನಾಮಕರಣದ ಮರುವಾರ ಅರ್ಜಿ ಕೊಟ್ಟರು.

ಖಾಲಿ ಜಾಗ ತುಂಬುವುದು ಸುಲಭ, ತುಂಬಿದ್ದನ್ನು ಬದಲಿಸುವುದು ಸುಲಭವಲ್ಲ. 15ನೇ ಕಲಂ ಇರುವುದು ತಪ್ಪಾಗಿ ಬಿದ್ದ ನಮೂದು ತಿದ್ದುವುದಕ್ಕೆ, ಅದನ್ನೂ ಮೂಲ ನಮೂದು ಹಾಗೇ ಉಳಿಸಿ ಅಂಚಿನಲ್ಲಿ ಬರೆಯುತ್ತಾರೆ. ಮನಸ್ಸು ಬದಲಾಯಿತು ಎಂಬುದು ನಮೂದಿನ ತಪ್ಪಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಚಾಲನಾ ಪರವಾನಗಿ, ಮತದಾರರ ಪಟ್ಟಿ, ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಆಧಾರ ದಾಖಲೆ. ಹಿಂದಿನಂತೆ ಒಂದನೇ ತರಗತಿಗೆ ಸೇರಿಸುವಾಗ ಮೇಷ್ಟರ ಮುಂದೆ ಹೊಸ ಹೆಸರು ಹೇಳಿ ದಾಟಿಕೊಳ್ಳುವ ಕಾಲ ಹೋಯಿತು.

ಪ್ರಮಾಣಪತ್ರ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುತ್ತದೆ. ಎರಡನ್ನೂ ತಂದೆ ದೊಡ್ಡಕ್ಷರದಲ್ಲಿ ಚೀಟಿ ಮೇಲೆ ಬರೆದು ಅರ್ಜಿಗೆ ಲಗತ್ತಿಸಿದರು. ಬಾಯಲ್ಲಿ ಹೇಳಿ ಬಂದರೆ ಸಾಲದು. ಇನಿಷಿಯಲ್ ಬಗ್ಗೆ ಮನೆಯಲ್ಲಿ ಚರ್ಚೆ ನಡೆಯಿತು. ಹಳೇ ಮೈಸೂರಿನ ಕಡೆ ಊರು, ಅಪ್ಪನ ಹೆಸರಿನ ಮೊದಲಕ್ಷರಗಳನ್ನು ಮುಂದೋ ಹಿಂದೋ ಹಚ್ಚುವುದು ರೂಢಿ. ತಂದೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದು ಮುಂದಿದೆ, ಪ್ಯಾನ್ ಕಾರ್ಡಿನಲ್ಲಿ ಬಿಡಿಸಿ ಹಿಂದೆ ಬರೆದಿದೆ, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಆದ್ದರಿಂದ ಮಗುವಿನ ಹೆಸರಿನ ಮುಂದೆ ಅಕ್ಷರಗಳನ್ನು ಹಾಕದೆ, ‘ನಯಸೇನ’ದ ನಂತರ ತಂದೆಯ ಹೆಸರನ್ನು ಪೂರ್ತಿಯಾಗಿ ಬರೆಸಿದರು. ಉದ್ದವಾಯಿತು, ಅಡ್ಡಿಯಿಲ್ಲ. ತಂದೆಯ ಹೆಸರನ್ನು ಅವರ ಆಧಾರ್‌ನಲ್ಲಿ ಇರುವಂತೆಯೇ, ಒಂದಕ್ಷರ ಆಚೀಚೆ ಆಗದಂತೆ ಹಾಕಿಸಿದ್ದು ಮುಖ್ಯ.

ಇಷ್ಟಾದರೂ ನಯನದ ಗೊಂದಲ ಬಂದೇ ಬಂತು. ತಾಯಿ ಕಾರ್ಡಿನಲ್ಲಿ ಮಗುವಿನ ಹೆಸರಿನ ಜಾಗಕ್ಕೆ ‘ಬೇಬಿ ಆಫ್’ ಎಂದು ತಾಯಿಯ ಹೆಸರು ಇತ್ತು. ಮೂರನೇ ಡೋಸ್ ಲಸಿಕೆಯ ದಿನ ಹೆಸರು ಹೇಳಿದಾಗ ಅಲ್ಲಿ ಬಿದ್ದದ್ದು ‘ನಯನ್’. ಪ್ರಮಾಣಪತ್ರದ ಜೆರಾಕ್ಸ್ ತೋರಿಸಿ ಅದೇ ದಿನ ಸರಿ ಮಾಡಿಸಿದರು. ಲಸಿಕೆಯ ಹಾಳೆಯಲ್ಲವೇ ಎಂದು ಬಿಟ್ಟಿದ್ದರೆ ಅಂಗನವಾಡಿ ದಾಖಲೆಗೂ ಅದೇ ಹೋಗುತ್ತಿತ್ತು.

ಇನ್ನೊಂದು ಕಡೆ ಎಡವಿದ್ದು ಆಧಾರ್ ಕೇಂದ್ರದಲ್ಲಿ. ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ. ತಂದೆ ಅಥವಾ ತಾಯಿಯ ಆಧಾರ್‌ಗೆ ಜೋಡಿಸಿ, ಜನನ ಪ್ರಮಾಣಪತ್ರ ನೋಡಿ ಮಾಡುತ್ತಾರೆ. ಆಪರೇಟರ್ ಇಂಗ್ಲಿಷಿನಲ್ಲಿ ಹೆಸರು ಹೊಡೆದ ಕೂಡಲೇ ಪಕ್ಕದ ಕಿಟಕಿಯಲ್ಲಿ ಕನ್ನಡ ತಾನಾಗಿ ಮೂಡುತ್ತದೆ. ಇಂಗ್ಲಿಷಿನ ‘ಇ’ಗೆ ಹ್ರಸ್ವ ದೀರ್ಘದ ಭೇದವಿಲ್ಲದ್ದರಿಂದ ಮೂಡಿದ್ದು ‘ನಯಸೆನ’. ಕನ್ನಡದ ಆ ಜಾಗವನ್ನು ಅಲ್ಲೇ ತಿದ್ದಬಹುದು, ಆದರೆ ಕೇಳಿದರೆ ಮಾತ್ರ ತಿದ್ದುತ್ತಾರೆ. ಎದುರಿನ ಪರದೆ ನಮ್ಮ ಕಡೆ ತಿರುಗಿರುತ್ತದೆ. ಎಲ್ಲರೂ ನೋಡುವುದು ಫೋಟೊ ಹೇಗೆ ಬಂತು ಎಂದು; ತಾಯಿ ನೋಡಿದ್ದು ಕನ್ನಡದ ಸಾಲನ್ನು. ಸೆ-ಗೆ ದೀರ್ಘ ಕೊಡಿಸಿ, ಪ್ರಿಂಟ್ ಬಂದ ಚೀಟಿಯಲ್ಲೂ ಒಮ್ಮೆ ಓದಿ ಸಹಿ ಹಾಕಿದರು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಎರಡೂ ಇನ್ನೂ ಹುಡುಗನ ಹೆಸರಿನಲ್ಲೇ ಇವೆ.